ಓಆರ್‌ಎಸ್ ಹೆಸರಿಗೆ ಯಾಕಿಷ್ಟು ಜಗಳ? ಲೆಕ್ಕ ಇರುವುದು ಕರುಳಿನಲ್ಲಿ

2025ರ ಅಕ್ಟೋಬರ್ 14ರಂದು ಎಫ್‌ಎಸ್‌ಎಸ್‌ಎಐ, ಅಂದರೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ, ಒಂದು ಆದೇಶ ಹೊರಡಿಸಿತು. ಹಣ್ಣಿನ ಪೇಯ, ರೆಡಿಮೇಡ್ ಡ್ರಿಂಕ್ ಮುಂತಾದ ಯಾವ ಆಹಾರ ಪದಾರ್ಥದ ಹೆಸರಿನಲ್ಲೂ ‘ಓಆರ್‌ಎಸ್’ ಎಂದು ಬರೆಯುವಂತಿಲ್ಲ. ಹಿಂದೆ ಮುಂದೆ ಇನ್ನೊಂದು ಅಕ್ಷರ ಸೇರಿಸಿಯೂ ಬಳಸುವಂತಿಲ್ಲ. ಓಆರ್‌ಎಸ್ ಎಂದರೆ ಭೇದಿಯಾದವರಿಗೆ ನೀರಿನಲ್ಲಿ ಕಲಸಿ ಕುಡಿಸುವ ಉಪ್ಪು-ಸಕ್ಕರೆಯ ಔಷಧಿ. ಈ ಸುದ್ದಿ ವಾಟ್ಸಾಪ್‌ಗೆ ಬರುವ ಹೊತ್ತಿಗೆ ‘ಓಆರ್‌ಎಸ್ ಬ್ಯಾನ್’ ಎಂದಾಗಿತ್ತು. ಹಾಗಾದರೆ ಮನೆಯಲ್ಲಿರುವ ಪುಡಿ ಪ್ಯಾಕೆಟ್ ಎಸೆಯಬೇಕಾ? ಇಷ್ಟು ದಿನ ಮಗುವಿಗೆ ಕುಡಿಸಿದ್ದೇನು?

ಮೊದಲೇ ಹೇಳಿಬಿಡುವುದು ಒಳ್ಳೆಯದು. ಓಆರ್‌ಎಸ್ ಬ್ಯಾನ್ ಆಗಿಲ್ಲ. ಓಆರ್‌ಎಸ್ ಆಗಿರದ ಸಿಹಿ ಪೇಯಗಳು ಆ ಹೆಸರು ಹಾಕಿಕೊಳ್ಳುವುದಕ್ಕೆ ತಡೆ ಬಿದ್ದಿದೆ, ಅಷ್ಟೆ. ಬರೀ ಹೆಸರಿಗೆ ಇಷ್ಟು ಗಲಾಟೆ ಯಾಕೆ ಎಂದರೆ, ಭೇದಿಯಾದ ಮಗುವಿನ ಕರುಳಿಗೆ ಉಪ್ಪು, ಸಕ್ಕರೆ, ನೀರು ಒಂದು ನಿರ್ದಿಷ್ಟ ಅಳತೆಯಲ್ಲೇ ಬೇಕು. ಅಳತೆ ತಪ್ಪಿದರೆ ಅದೇ ಉಪ್ಪು, ಅದೇ ಸಕ್ಕರೆ ಉಲ್ಟಾ ಕೆಲಸ ಮಾಡುತ್ತವೆ.

ಬಂದ ಆದೇಶ, ಹೋದ ಆದೇಶ

ಗೊಂದಲಕ್ಕೆ ಜನರನ್ನು ದೂರಿ ಪ್ರಯೋಜನವಿಲ್ಲ. ಪ್ರಾಧಿಕಾರವೇ ಮೂರು ವರ್ಷದಲ್ಲಿ ಎರಡು ಸಲ ಮಾತು ಬದಲಿಸಿತ್ತು. 2022ರ ಏಪ್ರಿಲ್‌ನಲ್ಲಿ ಇಂಥ ಪೇಯಗಳಿಗೆ ಓಆರ್‌ಎಸ್ ಹೆಸರು ಬೇಡ ಎಂದಿತು. ಅದೇ ಜುಲೈನಲ್ಲಿ ಸಡಿಲಿಸಿತು: ಬ್ರ್ಯಾಂಡ್ ಹೆಸರಿನ ಭಾಗವಾಗಿ ಬಳಸಬಹುದು, ಆದರೆ ‘ಇದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ ಓಆರ್‌ಎಸ್ ಅಲ್ಲ’ ಎಂದು ಪ್ಯಾಕಿನ ಮೇಲೆ ಬರೆಯಬೇಕು. 2024ರ ಫೆಬ್ರುವರಿಯಲ್ಲಿ ಇದರ ಬಗ್ಗೆ ಮತ್ತೊಂದು ಸೂಚನೆ ಬಂತು. ಈಗಿನ ಆದೇಶ ಆ ಎರಡೂ ಅನುಮತಿಗಳನ್ನು ಹಿಂದಕ್ಕೆ ಪಡೆದಿದೆ.

ಈ ನಡುವೆ ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ಹಲವು ವರ್ಷ ಇದೇ ವಿಷಯ ಹಿಡಿದು ಹೋರಾಡಿದರು. ತೆಲಂಗಾಣ ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನೂ ಹಾಕಿದರು. ಆದೇಶ ಬಂದ ಮೇಲೆ ಕಂಪನಿಗಳು ದೆಹಲಿ ಹೈಕೋರ್ಟಿಗೆ ಹೋದವು. ಒಂದು ಕಂಪನಿಗೆ ಸ್ವಲ್ಪ ದಿನದ ಮಟ್ಟಿಗೆ ರಿಯಾಯಿತಿ ಸಿಕ್ಕಿತು. ಇನ್ನೊಂದರ ಅರ್ಜಿಯನ್ನು ಕೋರ್ಟು ಅಕ್ಟೋಬರ್ 31ರಂದು ತಳ್ಳಿಹಾಕಿತು. ನವೆಂಬರ್‌ನಲ್ಲಿ ಪ್ರಾಧಿಕಾರವು ಅಂಗಡಿ ಮತ್ತು ಆನ್‌ಲೈನ್ ಎರಡೂ ಕಡೆ ಇಂಥ ಪ್ಯಾಕುಗಳನ್ನು ತೆಗೆಸಿ ಎಂದು ರಾಜ್ಯಗಳಿಗೆ ಹೇಳಿತು.

ದೇಹ ಇಟ್ಟುಕೊಂಡಿರುವ ನೀರಿನ ಲೆಕ್ಕ

ದೊಡ್ಡವರ ತೂಕದಲ್ಲಿ ಸುಮಾರು 60 ಶೇಕಡಾ ನೀರು. ಹುಟ್ಟಿದ ಮಗುವಿನಲ್ಲಿ ಮುಕ್ಕಾಲು ಪಾಲು ನೀರೇ. ಈ ನೀರಿನಲ್ಲಿ ಮೂರರಲ್ಲಿ ಎರಡು ಭಾಗ ಜೀವಕೋಶಗಳ ಒಳಗಿದೆ. ಉಳಿದದ್ದು ಹೊರಗೆ, ಅಂದರೆ ರಕ್ತದಲ್ಲಿ ಮತ್ತು ಜೀವಕೋಶಗಳ ಸುತ್ತ. ಹೊರಗಿನ ನೀರಿನಲ್ಲಿ ಸೋಡಿಯಂ ಜಾಸ್ತಿ, ಒಳಗಿನದರಲ್ಲಿ ಪೊಟ್ಯಾಸಿಯಂ ಜಾಸ್ತಿ. ಈ ವ್ಯತ್ಯಾಸವನ್ನು ಉಳಿಸಿಕೊಳ್ಳಲು ಪ್ರತಿ ಜೀವಕೋಶವೂ ಪುರುಸೊತ್ತಿಲ್ಲದೆ ಸೋಡಿಯಂ ಹೊರಹಾಕಿ ಪೊಟ್ಯಾಸಿಯಂ ಒಳತರುತ್ತಿರುತ್ತದೆ. ನರ ಕೆಲಸ ಮಾಡುವುದು, ಹೃದಯ ಬಡಿಯುವುದು, ಸ್ನಾಯು ಬಿಗಿಯುವುದು ಎಲ್ಲವೂ ಈ ವ್ಯತ್ಯಾಸದ ಮೇಲೆ ನಿಂತಿವೆ.

ರಕ್ತದಲ್ಲಿ ಸೋಡಿಯಂ ಲೀಟರಿಗೆ 135ರಿಂದ 145 ಮಿಲಿಮೋಲ್ (ಕರಗಿದ ಕಣಗಳನ್ನು ಎಣಿಸುವ ಮಾಪನ) ಒಳಗೇ ಇರಬೇಕು. ಇಷ್ಟು ಕಿರಿದಾದ ಅಂತರವನ್ನು ದೇಹ ಹೇಗೆ ಕಾಯುತ್ತದೆ? ಮೆದುಳಿನ ತಳದಲ್ಲಿ ಹೈಪೋಥಲಮಸ್ ಎಂಬ ಪುಟ್ಟ ಭಾಗವಿದೆ. ರಕ್ತ ಶೇಕಡಾ ಒಂದೆರಡರಷ್ಟು ಗಟ್ಟಿಯಾದರೂ ಅದಕ್ಕೆ ಗೊತ್ತಾಗುತ್ತದೆ. ಆಗ ಬಾಯಾರಿಕೆ ಹುಟ್ಟಿಸುತ್ತದೆ, ಜೊತೆಗೆ ಮೂತ್ರಪಿಂಡಕ್ಕೆ ನೀರು ಉಳಿಸಲು ಹೇಳುವ ಹಾರ್ಮೋನ್ ಕಳಿಸುತ್ತದೆ. ಮೂತ್ರಪಿಂಡ ದಿನಕ್ಕೆ ಸುಮಾರು 180 ಲೀಟರ್ ಸೋಸಿ, ಒಂದೂವರೆ ಲೀಟರ್‌ನಷ್ಟು ಮಾತ್ರ ಹೊರಬಿಡುತ್ತದೆ. ಉಳಿದದ್ದೆಲ್ಲ ವಾಪಸ್ ರಕ್ತಕ್ಕೆ. ಬೇಸಿಗೆಯಲ್ಲಿ ಮೂತ್ರ ಕಡುಹಳದಿ ಆಗುವುದು ಇದೇ ಕಾರಣಕ್ಕೆ.

ಈ ಏರ್ಪಾಡಿಗೆ ಒಂದು ಮಿತಿ ಇದೆ. ಮೂತ್ರಪಿಂಡ ಇರುವ ನೀರನ್ನು ಉಳಿಸಬಲ್ಲದು, ಕಳೆದುಹೋದ ನೀರನ್ನು ಸೃಷ್ಟಿಸಲಾರದು. ಅದು ಬರಬೇಕಾದದ್ದು ಕರುಳಿನಿಂದ. ಭೇದಿಯಲ್ಲಿ ಕೆಟ್ಟಿರುವುದೂ ಕರುಳೇ.

10 ಕಿಲೋ ತೂಕದ ಮಗುವನ್ನು ತೆಗೆದುಕೊಳ್ಳಿ. ಅರ್ಧ ಲೀಟರ್ ನೀರು ಹೋದರೆ ತೂಕದ 5 ಶೇಕಡಾ ಹೋದಂತೆ. ಮಗು ಕಿರಿಕಿರಿ ಮಾಡುತ್ತದೆ, ಬಾಯಿ ಒಣಗುತ್ತದೆ. ಒಂದು ಲೀಟರ್ ಹೋದರೆ ಕಣ್ಣು ಗುಳಿ ಬೀಳುತ್ತದೆ, ನೆತ್ತಿ ಒಳಗಿಳಿಯುತ್ತದೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ಮಡಿಕೆ ಹಾಗೇ ನಿಲ್ಲುತ್ತದೆ, ಮಗು ಮಂಕಾಗುತ್ತದೆ. ದೊಡ್ಡವರಿಗೆ ಒಂದು ಲೀಟರ್ ಹೋದರೆ ಸುಸ್ತಾದೀತು, ಅಷ್ಟೆ. ಭೇದಿಯಿಂದ ಐದು ವರ್ಷದೊಳಗಿನ 4 ಲಕ್ಷಕ್ಕೂ ಹೆಚ್ಚು ಮಕ್ಕಳು ಪ್ರತಿ ವರ್ಷ ಜಗತ್ತಿನಾದ್ಯಂತ ಸಾಯುತ್ತಿದ್ದಾರೆ. ರೋಗಾಣುವಿಗಿಂತ ಮೊದಲು ಅವರನ್ನು ಕೊಲ್ಲುವುದು ಎಷ್ಟೋ ಸಲ ಈ ನೀರಿನ ಕೊರತೆಯೇ.

ಉಪ್ಪಿನ ಕೈ ಹಿಡಿಯುವ ಸಕ್ಕರೆ

ಸುಮ್ನೆ ನೀರು ಕುಡಿಸಿದರೆ ಸಾಲದೇ? ಸಾಲದು. ಭೇದಿಯಲ್ಲಿ ನೀರಿನ ಜೊತೆ ಸೋಡಿಯಂ, ಪೊಟ್ಯಾಸಿಯಂ ಕೂಡ ಹೋಗಿರುತ್ತವೆ. ಬರೀ ನೀರು ಸುರಿದರೆ ಇರುವ ಸೋಡಿಯಂ ಇನ್ನಷ್ಟು ತೆಳುವಾಗುತ್ತದೆ. ಸೋಡಿಯಂ ತೀರಾ ಇಳಿದರೆ ನೀರು ಜೀವಕೋಶಗಳ ಒಳಗೆ ನುಗ್ಗಿ ಅವು ಊದಿಕೊಳ್ಳುತ್ತವೆ. ಮೆದುಳು ಊದಿಕೊಂಡರೆ ಮಗುವಿಗೆ ಫಿಟ್ಸ್ ಬರಬಹುದು.

ಹಾಗಾದರೆ ಉಪ್ಪುನೀರು? ಅದೂ ನಡೆಯುವುದಿಲ್ಲ. ಕಾಲರಾದಂಥ ರೋಗದಲ್ಲಿ ರೋಗಾಣುವಿನ ವಿಷ ಕರುಳಿನ ಜೀವಕೋಶಗಳಿಂದ ಕ್ಲೋರೈಡ್ ಹೊರಹೋಗುವಂತೆ ಮಾಡುತ್ತದೆ. ಅದರ ಹಿಂದೆ ಸೋಡಿಯಂ, ಅದರ ಹಿಂದೆ ನೀರು. ತೀವ್ರ ಕಾಲರಾದಲ್ಲಿ ದೊಡ್ಡವರೂ ಗಂಟೆಗೆ ಒಂದು ಲೀಟರ್‌ವರೆಗೆ ನೀರು ಕಳೆದುಕೊಳ್ಳಬಹುದು. ಬರೀ ಉಪ್ಪನ್ನು ಒಳಗೆಳೆಯುವ ದಾರಿ ಆಗ ಸರಿಯಾಗಿ ಕೆಲಸ ಮಾಡುವುದಿಲ್ಲ.

ಆದರೆ ಒಂದು ದಾರಿ ಮಾತ್ರ ಕೆಡದೆ ಉಳಿದಿರುತ್ತದೆ. ಸಣ್ಣಕರುಳಿನ ಗೋಡೆಯಲ್ಲಿ ಎಸ್‌ಜಿಎಲ್‌ಟಿ1 ಎಂಬ ಪ್ರೋಟೀನ್ ಇದೆ. ಅದು ಎರಡು ಸೋಡಿಯಂ ಮತ್ತು ಒಂದು ಗ್ಲೂಕೋಸನ್ನು ಒಟ್ಟಿಗೇ ಒಳಗೆ ದಾಟಿಸುತ್ತದೆ. ಎರಡರಲ್ಲಿ ಒಂದು ಇಲ್ಲದಿದ್ದರೂ ಅದು ಅಲ್ಲಾಡುವುದಿಲ್ಲ. ಎರಡೂ ಒಳಗೆ ಹೋದರೆ ನೀರು ತಾನಾಗಿ ಹಿಂಬಾಲಿಸುತ್ತದೆ. 1960ರಲ್ಲಿ ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿ ಈ ಜೋಡಿ ಸಾಗಣೆಯನ್ನು ವಿವರಿಸಿದರು. ಓಆರ್‌ಎಸ್‌ನಲ್ಲಿ ಸಕ್ಕರೆ ಇರುವುದು ಶಕ್ತಿಗೂ ಅಲ್ಲ, ರುಚಿಗೂ ಅಲ್ಲ. ಸೋಡಿಯಂಗೆ ಜೊತೆಗಾರನಾಗಿ ಅದು ಅಲ್ಲಿದೆ.

ಅಳತೆಯ ಪ್ರಶ್ನೆ ಇಲ್ಲಿ ಬರುತ್ತದೆ. ಜೊತೆ ಸಿಗದೆ ಉಳಿದ ಸಕ್ಕರೆ ಕರುಳಿನಲ್ಲೇ ನಿಲ್ಲುತ್ತದೆ. ಸೌತೆಕಾಯಿ ಹೆಚ್ಚಿ ಉಪ್ಪು ಸವರಿಟ್ಟರೆ ನೀರು ಬಿಡುತ್ತದೆ, ಅಲ್ವಾ? ಅದೇ ರೀತಿ ಕರುಳಿನಲ್ಲಿ ನಿಂತ ಗಟ್ಟಿ ಸಕ್ಕರೆ ದ್ರವ ಮಗುವಿನ ರಕ್ತದಿಂದ ನೀರನ್ನು ಕರುಳಿಗೇ ಎಳೆಯುತ್ತದೆ. ಭೇದಿ ನಿಲ್ಲಿಸಲು ಕೊಟ್ಟದ್ದು ಭೇದಿಯನ್ನೇ ಹೆಚ್ಚಿಸುತ್ತದೆ. ಇನ್ನೊಂದು ಸಂಗತಿ: ನಾವು ಕಾಫಿಗೆ ಹಾಕುವ ಸಕ್ಕರೆ ಕರುಳಿನಲ್ಲಿ ಒಡೆದು ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್ ಆಗುತ್ತದೆ. ಫ್ರಕ್ಟೋಸ್ ಬೇರೆ ದಾರಿಯಲ್ಲಿ ಹೋಗುತ್ತದೆ, ಸೋಡಿಯಂ ಜೊತೆ ಹೋಗುವುದಿಲ್ಲ. ಹಣ್ಣಿನ ರಸದಲ್ಲೂ ಫ್ರಕ್ಟೋಸ್ ಧಾರಾಳ.

ಬನಗಾಂವ್ ಶಿಬಿರದ ಡ್ರಮ್ಮುಗಳು

ಪ್ರಯೋಗಾಲಯದ ಈ ಸಂಗತಿ ಜನರಿಗೆ ದಕ್ಕಿದ್ದು ನಮ್ಮ ಉಪಖಂಡದಲ್ಲೇ. 1968ರಲ್ಲಿ ಢಾಕಾದಲ್ಲಿ ಡೇವಿಡ್ ನಾಲಿನ್ ಮತ್ತು ರಿಚರ್ಡ್ ಕ್ಯಾಶ್ ಎಂಬ ವೈದ್ಯರು ಕಾಲರಾ ರೋಗಿಗಳಿಗೆ ಗ್ಲೂಕೋಸ್-ಉಪ್ಪಿನ ನೀರು ಕುಡಿಸಿ ಫಲ ಕಂಡರು. ಆದರೂ ಡ್ರಿಪ್ ಹಾಕಿದರಷ್ಟೇ ಸರಿ ಎಂಬ ನಂಬಿಕೆ ವೈದ್ಯರಲ್ಲಿ ಗಟ್ಟಿಯಾಗಿತ್ತು. 1971ರ ಬಾಂಗ್ಲಾ ಯುದ್ಧದಲ್ಲಿ ಲಕ್ಷಾಂತರ ನಿರಾಶ್ರಿತರು ಗಡಿ ದಾಟಿ ಬಂದರು. ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ಕಾಲರಾ ಹರಡಿತು. ಅಲ್ಲಿದ್ದ ಡಾ. ದಿಲೀಪ್ ಮಹಲನಬಿಸ್ ಅವರ ಬಳಿ ಡ್ರಿಪ್ ಬಾಟಲಿಗಳು ಖಾಲಿಯಾದವು.

ಬೇರೆ ದಾರಿ ಇರಲಿಲ್ಲ. ಒಂದು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಅಡುಗೆ ಸೋಡಾ. ಇದನ್ನು ಡ್ರಮ್ಮುಗಳಲ್ಲಿ ಕಲಸಿ, ಕುಡಿಸುವ ಕೆಲಸವನ್ನು ರೋಗಿಗಳ ಮನೆಯವರಿಗೇ ವಹಿಸಿದರು. ಅದಕ್ಕೂ ಮುಂಚೆ ಶೇಕಡಾ 30ರ ಹತ್ತಿರವಿದ್ದ ಸಾವಿನ ಪ್ರಮಾಣ ಅವರ ಆರೈಕೆಯಲ್ಲಿದ್ದವರಲ್ಲಿ ಶೇಕಡಾ 3.6ಕ್ಕೆ ಇಳಿಯಿತು. ಮಹಲನಬಿಸ್ 2022ರಲ್ಲಿ ತೀರಿಕೊಂಡರು. ಪದ್ಮವಿಭೂಷಣ ಬಂದದ್ದು 2023ರಲ್ಲಿ, ಅವರು ಹೋದ ಮೇಲೆ. ಇಷ್ಟು ತಡವಾಗಿ ಕೊಟ್ಟದ್ದಕ್ಕೆ ಹೆಮ್ಮೆಪಡಬೇಕೋ ನಾಚಿಕೊಳ್ಳಬೇಕೋ ತಿಳಿಯದು.

311 ಕೂಡ ಜಾಸ್ತಿ ಎಂದರು

ದ್ರವವೊಂದರಲ್ಲಿ ಎಷ್ಟು ಕಣ ಕರಗಿವೆ ಎಂಬುದಕ್ಕೆ ಆಸ್ಮೊಲಾರಿಟಿ ಎನ್ನುತ್ತಾರೆ. ನಮ್ಮ ರಕ್ತದ್ದು ಸುಮಾರು 290. 1975ರಿಂದ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಬಳಸುತ್ತಿದ್ದ ಓಆರ್‌ಎಸ್‌ನದು 311. ಅಂದರೆ ರಕ್ತಕ್ಕಿಂತ ಕೊಂಚ ಗಟ್ಟಿ. ಜೀವ ಉಳಿಯುತ್ತಿತ್ತು ನಿಜ. ಆದರೆ ಭೇದಿಯ ಪ್ರಮಾಣ ಕಡಿಮೆಯಾಗುತ್ತಿರಲಿಲ್ಲ. ಅದನ್ನು ತೆಳು ಮಾಡಿ ನೋಡಿದಾಗ ಮಕ್ಕಳಲ್ಲಿ ಭೇದಿ, ವಾಂತಿ ಎರಡೂ ತಗ್ಗಿದವು. ಡ್ರಿಪ್ ಹಾಕಬೇಕಾದವರ ಸಂಖ್ಯೆಯೂ ಇಳಿಯಿತು. ಹಾಗಾಗಿ 2002ರಲ್ಲಿ ಸೂತ್ರ ಬದಲಾಯಿತು.

ಈಗಿನ ಲೆಕ್ಕ ಹೀಗೆ: ಲೀಟರ್ ನೀರಿಗೆ ಗ್ಲೂಕೋಸ್ 13.5 ಗ್ರಾಂ, ಉಪ್ಪು 2.6, ಪೊಟ್ಯಾಸಿಯಂ ಕ್ಲೋರೈಡ್ 1.5, ಟ್ರೈಸೋಡಿಯಂ ಸಿಟ್ರೇಟ್ 2.9. ಒಟ್ಟು 20.5 ಗ್ರಾಂ. ಇದರಲ್ಲಿ ಸೋಡಿಯಂ 75 ಮಿಲಿಮೋಲ್, ಗ್ಲೂಕೋಸ್ ಕೂಡ 75. ಒಟ್ಟು ಆಸ್ಮೊಲಾರಿಟಿ 245, ರಕ್ತಕ್ಕಿಂತ ತೆಳು. ನೀರು ಕರುಳಿನಿಂದ ರಕ್ತದ ಕಡೆಗೇ ಹರಿಯುತ್ತದೆ.

ಈಗ ಓಆರ್‌ಎಸ್ ಹೆಸರು ಹಾಕಿಕೊಂಡಿದ್ದ ಸಿಹಿ ಪೇಯಗಳ ಟೆಟ್ರಾ ಪ್ಯಾಕಿಗೆ ಬನ್ನಿ. ಇಂಥ ಕೆಲವು ಪೇಯಗಳಲ್ಲಿ ಸಕ್ಕರೆ ಲೀಟರಿಗೆ 100 ಗ್ರಾಂ ದಾಟುತ್ತದೆ ಎಂಬುದು ವೈದ್ಯರ ಆಕ್ಷೇಪ. 100 ಗ್ರಾಂ ಗ್ಲೂಕೋಸ್ ಎಂದರೆ ಅದೊಂದರಿಂದಲೇ ಸುಮಾರು 555. ಸಾಧಾರಣ ಸಕ್ಕರೆಯಾದರೂ ಕರುಳಿನಲ್ಲಿ ಎರಡಾಗಿ ಒಡೆದ ಮೇಲೆ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ. 311 ಜಾಸ್ತಿಯಾಯಿತು ಎಂದು ಸೂತ್ರವನ್ನೇ ಬದಲಿಸಿದ ವೈದ್ಯಲೋಕಕ್ಕೆ 555ರ ಮೇಲೆ ಓಆರ್‌ಎಸ್ ಎಂದು ಬರೆದದ್ದು ಹೇಗೆ ಕಂಡೀತು?

ಕಂಪನಿಗಳು ಹೇಳುವುದೇನು

ಅವರ ವಾದವನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಪ್ರಾಧಿಕಾರವೇ ಅನುಮತಿ ಕೊಟ್ಟಿತ್ತು, ಅದನ್ನು ನಂಬಿ ಸರಕು ತಯಾರಿಸಿದೆವು, ನಮ್ಮ ಮಾತು ಕೇಳದೆ ಏಕಾಏಕಿ ನಿಲ್ಲಿಸಿದರೆ ಹೇಗೆ ಎನ್ನುತ್ತಾರೆ. ನಿಯಮ ಪದೇ ಪದೇ ತಿರುಗಿದ್ದು ನಿಜವೇ. ಪ್ಯಾಕಿನ ಮೇಲೆ ಎಚ್ಚರಿಕೆ ಬರೆದಿತ್ತು ಎಂಬುದು ಇನ್ನೊಂದು ವಾದ. ಬಿಸಿಲಲ್ಲಿ ದಣಿದವರಿಗೆ, ಆಟವಾಡಿ ಬೆವರಿದವರಿಗೆ ಇದು ಎಲೆಕ್ಟ್ರೊಲೈಟ್ ಪೇಯ, ಭೇದಿಯ ಔಷಧಿ ಎಂದು ಮಾರಿಲ್ಲ ಎಂಬುದು ಮತ್ತೊಂದು.

ಮೊದಲ ವಾದ ಆಡಳಿತದ ಪ್ರಶ್ನೆ. ನನಗೆ ಸೊರಗಿದಂತೆ ಕಾಣುವುದು ಎರಡನೆಯದು. ಹೆಸರು ದಪ್ಪಕ್ಷರದಲ್ಲಿ, ಎಚ್ಚರಿಕೆ ಸಣ್ಣಕ್ಷರದಲ್ಲಿ, ಅದೂ ಇಂಗ್ಲಿಷಿನಲ್ಲಿ ಇದ್ದರೆ ರಾತ್ರಿ ಹತ್ತು ಗಂಟೆಗೆ ವಾಂತಿ-ಭೇದಿಯ ಮಗುವನ್ನು ಹೆಗಲಿಗೆ ಹಾಕಿಕೊಂಡು ಬಂದವರು ಯಾವುದನ್ನು ಓದುತ್ತಾರೆ? ಮೂರನೆಯದಕ್ಕೆ ಉತ್ತರ ಅಂಗಡಿಯಲ್ಲೇ ಇದೆ. ಬೆವರಿದವರ ಪೇಯವಾದರೆ ಆ ಹೆಸರು ಬೇಕಾದದ್ದಾದರೂ ಯಾಕೆ?

ಮಕ್ಕಳು ಉಪ್ಪುಪ್ಪಾದ ಓಆರ್‌ಎಸ್ ಕುಡಿಯುವುದಿಲ್ಲ ಎಂಬ ಮಾತೂ ಇದೆ. ಇದು ಎಲ್ಲ ಅಪ್ಪ-ಅಮ್ಮಂದಿರ ಕಷ್ಟ. ಆದರೆ ಅಳತೆ ಕೆಡಿಸದೆ ಕಿತ್ತಳೆ, ನಿಂಬೆ ವಾಸನೆ ಸೇರಿಸಿದ ಪುಡಿಗಳು ಸಿಗುತ್ತವೆ. ಸರಿಯಾದ ಸೂತ್ರದಲ್ಲೇ ತಯಾರಿಸಿದ ದ್ರವರೂಪದ ಓಆರ್‌ಎಸ್ ಕೂಡ ಸಿಗುತ್ತದೆ. ಹಾಗಾಗಿ ಟೆಟ್ರಾ ಪ್ಯಾಕ್ ಎಂದ ಕೂಡಲೇ ಸುಳ್ಳು ಎನ್ನುವಂತಿಲ್ಲ.

ಪುಡಿಯಲ್ಲೂ ಅಳತೆ ತಪ್ಪುತ್ತದೆ

ಹೆಸರು ಸರಿಹೋದರೆ ಎಲ್ಲ ಸರಿಹೋಗುವುದಿಲ್ಲ. ದೊಡ್ಡ ಪ್ಯಾಕೆಟ್ ಒಂದು ಲೀಟರಿಗೆ. ಇದನ್ನು ಒಂದು ಲೋಟ, ಅಂದರೆ 200 ಎಂಎಲ್ ನೀರಿಗೆ ಸುರಿದರೆ ಐದು ಪಟ್ಟು ಗಟ್ಟಿ. ಆಸ್ಮೊಲಾರಿಟಿ 1,225, ಸೋಡಿಯಂ 375. ಇದು ಸಿಹಿ ಪೇಯಕ್ಕಿಂತ ಅಪಾಯ, ಯಾಕೆಂದರೆ ಇಲ್ಲಿ ರಕ್ತದ ಸೋಡಿಯಂ ಏರಿ ಮೆದುಳಿಗೇ ತೊಂದರೆಯಾಗಬಹುದು. ಒಂದು ಲೋಟಕ್ಕೆಂದೇ ಸುಮಾರು 4 ಗ್ರಾಂ ತೂಗುವ ಚಿಕ್ಕ ಪ್ಯಾಕೆಟ್ ಬೇರೆ ಇದೆ. ಯಾವ ಪ್ಯಾಕೆಟ್ಟಿಗೆ ಎಷ್ಟು ನೀರು ಎಂದು ಅದರ ಮೇಲೇ ಬರೆದಿರುತ್ತದೆ. ದೊಡ್ಡದನ್ನು ಅಂದಾಜಿನಲ್ಲಿ ಅರ್ಧ, ಕಾಲು ಮಾಡಲು ಹೋಗಬಾರದು. ಕಲಸಿಟ್ಟದ್ದನ್ನು 24 ಗಂಟೆಯಲ್ಲಿ ಮುಗಿಸಬೇಕು, ಉಳಿದರೆ ಚೆಲ್ಲಬೇಕು.

ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಸಲ ಭೇದಿಯಾದ ಮೇಲೆ 50ರಿಂದ 100 ಎಂಎಲ್, ಅದಕ್ಕಿಂತ ದೊಡ್ಡ ಮಗುವಿಗೆ 100ರಿಂದ 200. ವಾಂತಿ ಮಾಡಿದರೆ ಹತ್ತು ನಿಮಿಷ ಬಿಟ್ಟು ಚಮಚದಲ್ಲಿ ಸ್ವಲ್ಪ ಸ್ವಲ್ಪವೇ ಕೊಡುವುದು. ಎದೆಹಾಲು, ಊಟ ನಿಲ್ಲಿಸಬಾರದು. ಜೊತೆಗೆ 14 ದಿನ ಜಿಂಕ್. ಮಗು ಮಂಕಾದರೆ, ಕುಡಿಯಲಾಗದಿದ್ದರೆ, ಭೇದಿಯಲ್ಲಿ ರಕ್ತ ಕಂಡರೆ ಮನೆಮದ್ದಿನ ಮಾತೇ ಬೇಡ, ಆಸ್ಪತ್ರೆಗೆ ಹೋಗಬೇಕು.

ಪ್ಯಾಕೆಟ್ ಸಿಗುವತನಕ ಉಪ್ಪು ಹಾಕಿದ ಅಕ್ಕಿ ಗಂಜಿ ನಡೆಯುತ್ತದೆ. ಗಂಜಿಯ ಪಿಷ್ಟ ನಿಧಾನವಾಗಿ ಗ್ಲೂಕೋಸ್ ಆಗುವುದರಿಂದ ಕರುಳಿನಲ್ಲಿ ಒಮ್ಮೆಲೇ ಗಟ್ಟಿಯಾಗುವುದಿಲ್ಲ. ಉಪ್ಪು ಹಾಕಿದ ತೆಳು ಮಜ್ಜಿಗೆಯೂ ಆದೀತು. ಎಳನೀರಿನಲ್ಲಿ ಪೊಟ್ಯಾಸಿಯಂ ಚೆನ್ನಾಗಿದೆ, ಸೋಡಿಯಂ ಕಡಿಮೆ. ದಣಿವಿಗೆ ಒಳ್ಳೆಯದು, ಜೋರು ಭೇದಿಗೆ ಅದೊಂದೇ ಸಾಲದು.

ಇನ್ನು ಅಸಲಿ ಓಆರ್‌ಎಸ್ಸನ್ನು ಬೇಸಿಗೆ ಶರಬತ್ತಿನಂತೆ ದಿನಾ ಕುಡಿಯುವವರಿದ್ದಾರೆ. ಒಂದು ಲೀಟರಿನಲ್ಲಿ ಸುಮಾರು 1.7 ಗ್ರಾಂ ಸೋಡಿಯಂ ಇದೆ. ದೊಡ್ಡವರು ದಿನಕ್ಕೆ 2 ಗ್ರಾಂ ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅನ್ನ-ಸಾರು, ಉಪ್ಪಿನಕಾಯಿಯ ಲೆಕ್ಕ ಇನ್ನೂ ಸೇರಿಲ್ಲ. ಬಿಪಿ ಇದ್ದವರಿಗಂತೂ ಇದು ಸುಮ್ನೆ ಕುಡಿಯುವ ಪೇಯವಲ್ಲ.

ಮುಂದೆ ಏನಾಗಬಹುದು

ಹಳೆಯ ಪೇಯಗಳು ಮಾಯವಾಗುವುದಿಲ್ಲ. ಹೆಸರು ಬದಲಿಸಿ, ಅದೇ ಬಣ್ಣದ ಪ್ಯಾಕಿನಲ್ಲಿ, ಅದೇ ಮೆಡಿಕಲ್ ಶಾಪಿನ ಅದೇ ಶೆಲ್ಫಿನಲ್ಲಿ ಕೂರಲು ಕಾನೂನಿನ ಅಡ್ಡಿ ಇಲ್ಲ. ಆದೇಶ ಮುಟ್ಟುವುದು ಹೆಸರನ್ನು ಮಾತ್ರ, ಒಳಗಿನ ಸಕ್ಕರೆಯನ್ನು ಅಲ್ಲ. ವರ್ಷಗಟ್ಟಲೆ ಬಣ್ಣ ನೋಡಿ ಕೊಂಡವರು ಬಣ್ಣ ನೋಡಿಯೇ ಮತ್ತೆ ಕೊಳ್ಳಬಹುದು. ಗುರುತಿಸುವ ಸುಲಭ ದಾರಿ ಪ್ಯಾಕಿನ ಹಿಂದಿದೆ. ಅಸಲಿ ಓಆರ್‌ಎಸ್ ಔಷಧಿಯ ಲೆಕ್ಕಕ್ಕೆ ಬರುತ್ತದೆ, ಅದಕ್ಕೆ ಔಷಧ ತಯಾರಿಕೆಯ ಲೈಸೆನ್ಸ್ ಇರುತ್ತದೆ, ಪುಡಿಯ ಹೆಸರಿನ ಮುಂದೆ ‘ಐ.ಪಿ.’ (ಇಂಡಿಯನ್ ಫಾರ್ಮಾಕೊಪಿಯಾ, ಅಂದರೆ ದೇಶದ ಔಷಧ ಗುಣಮಟ್ಟದ ಗ್ರಂಥ) ಎಂದಿರುತ್ತದೆ. 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಕಂಡರೆ ಅದು ಆಹಾರ ಪದಾರ್ಥ.

ಇನ್ನೊಂದು ತೊಡಕು ವೈದ್ಯರ ಕಡೆಯದು. ಕರ್ನಾಟಕ ಮತ್ತು ಬಿಹಾರದ 253 ಪಟ್ಟಣಗಳಲ್ಲಿ 2,000ಕ್ಕೂ ಹೆಚ್ಚು ಖಾಸಗಿ ಚಿಕಿತ್ಸಕರ ಮೇಲೆ ನಡೆದ ಅಧ್ಯಯನವೊಂದು 2024ರಲ್ಲಿ ಪ್ರಕಟವಾಯಿತು. ಮಗುವಿಗೆ ಭೇದಿ ಎಂದು ಹೇಳಿಕೊಂಡು ತರಬೇತಿ ಪಡೆದವರನ್ನು ಅವರ ಬಳಿ ಕಳಿಸಿ ನೋಡಿದ್ದರು. ಓಆರ್‌ಎಸ್ ಬರೆಯದೇ ಇದ್ದುದಕ್ಕೆ ಸ್ಟಾಕ್ ಇಲ್ಲದಿರುವುದು ಅಥವಾ ಲಾಭದ ಆಸೆ ದೊಡ್ಡ ಕಾರಣವಾಗಿರಲಿಲ್ಲ. ಅವೆರಡೂ ತಲಾ ಐದಾರು ಶೇಕಡಾ ಅಷ್ಟೆ. ‘ಜನರಿಗೆ ಓಆರ್‌ಎಸ್ ಇಷ್ಟವಿಲ್ಲ’ ಎಂಬ ಚಿಕಿತ್ಸಕರ ಊಹೆಯೇ ಶೇಕಡಾ 42ರಷ್ಟು ಕಾರಣ. ಬಂದವರು ತಾವಾಗಿ ಓಆರ್‌ಎಸ್ ಬೇಕು ಎಂದಾಗ ಬರೆದುಕೊಡುವ ಪ್ರಮಾಣ 27 ಶೇಕಡಾ ಅಂಶ ಏರಿತು.

ಅಂದರೆ ಜನ ಬಾಯಿಬಿಟ್ಟು ಆ ಹೆಸರು ಹೇಳಿದರೆ ಚಿಕಿತ್ಸೆ ಬದಲಾಗುತ್ತದೆ. ಹಾಗೆ ಹೇಳಿದಾಗ ಅಂಗಡಿಯವರು ಯಾವುದನ್ನು ಕೊಡುತ್ತಾರೆ ಎಂಬುದು ಇನ್ನು ರಾಜ್ಯದ ಅಧಿಕಾರಿಗಳ ತಪಾಸಣೆಯ ಮೇಲೆ ನಿಂತಿದೆ. ಅದರಲ್ಲೂ ಒಂದು ಬಿಕ್ಕಟ್ಟು: ಪೇಯ ಆಹಾರ ಸುರಕ್ಷತಾ ಅಧಿಕಾರಿಯ ಪಾಲಿಗೆ, ಪುಡಿ ಔಷಧ ನಿಯಂತ್ರಣ ಇಲಾಖೆಯ ಪಾಲಿಗೆ, ಶೆಲ್ಫ್ ಮಾತ್ರ ಒಂದೇ. ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಹೋಗುವವರಿಗೆ, ಊರಿನ ಆಶಾ ಕಾರ್ಯಕರ್ತೆಯನ್ನು ಕೇಳುವವರಿಗೆ ಈ ತಲೆನೋವಿಲ್ಲ. ಅಲ್ಲಿ ಸಿಗುವುದು ಲೀಟರ್ ನೀರಿಗೆ ಕಲಸುವ ಪುಡಿ, ಅದೂ ಪುಕ್ಕಟೆ.